ಗಾಜಿನ ಮೇಲೊಂದು ಗೀರು

ಹೊಸ ಮೊಬೈಲು ಕೊಂಡವರು ಹಣ ಎಣಿಸಿ ಕೊಟ್ಟು ಮುಗಿಸುವಷ್ಟರಲ್ಲೇ ಅಂಗಡಿಯ ಹುಡುಗ ಕೇಳುವ ಪ್ರಶ್ನೆಯೊಂದಿದೆ: ‘ಟೆಂಪರ್ಡ್ ಹಾಕಿಬಿಡಲಾ ಸಾರ್?’ ಬೇಡ ಎನ್ನುವವರು ಕಡಿಮೆ. ನೂರಿನ್ನೂರು ರೂಪಾಯಿಗೆ ಮತ್ತೊಂದು ತೆಳು ಗಾಜಿನ ಹಾಳೆ ಫೋನಿನ ಮೇಲೆ ಕೂರುತ್ತದೆ. ಹುಡುಗ ಹೆಬ್ಬೆರಳಿನಿಂದ ಗುಳ್ಳೆಗಳನ್ನು ಅಂಚಿಗೆ ತಳ್ಳಿ, ಇನ್ನು ಏನೂ ಆಗುವುದಿಲ್ಲವೆಂದು ಅಭಯ ಕೊಡುತ್ತಾನೆ. ಆಟೊ ಓಡಿಸುವವರಿಗೆ, ಮನೆಮನೆಗೆ ಊಟ ತಲುಪಿಸುವವರಿಗೆ, ತರಕಾರಿ ಗಾಡಿಯಲ್ಲಿ ಫೋನಿನ ಮೂಲಕವೇ ಹಣ ಪಡೆಯುವವರಿಗೆ ಆ ಪರದೆಯೇ ಅಂದಿನ ದುಡಿಮೆ. ಅದು ಒಡೆದರೆ ಬದಲಿಸಲು ತಗಲುವ ವೆಚ್ಚ ಕೆಲವೊಮ್ಮೆ ಫೋನಿನ ಬೆಲೆಯ ದೊಡ್ಡ ಪಾಲೇ ಆಗಿರುತ್ತದೆ. ಆದ್ದರಿಂದ ಈ ಭಯ ಕೇವಲ ಅಂದಚೆಂದದ ಮೇಲಿನ ಮೋಹವಲ್ಲ.

ಆದರೆ ಗೀರು ಬೀಳುವುದು ಎಂದರೇನು? ಯಾವುದು ಯಾವುದನ್ನು ಗೀರುತ್ತದೆ? ಗಾಜಿಗೆ ಅಂಟಿಕೊಂಡ ಈ ಶಾಪವನ್ನು ಕಳೆಯಲು ಮನುಷ್ಯ ಏನೇನು ಮಾಡಿದ? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ಕಥೆ ನಮ್ಮ ಅಕ್ಕಸಾಲಿಗರ ಅಂಗಡಿಯಿಂದ ಹೊರಟು ಇಂಗ್ಲೆಂಡಿನ ಅರಮನೆ, ಅಮೆರಿಕದ ಗಾಜಿನ ಕುಲುಮೆಗಳನ್ನು ಹಾದು ಕೋಲಾರದ ನರಸಾಪುರಕ್ಕೆ ಬಂದು ನಿಲ್ಲುತ್ತದೆ.

ಒರೆಗಲ್ಲನ್ನು ನೋಡದವರು ಯಾರು? ಕಪ್ಪು ಕಲ್ಲಿನ ಮೇಲೆ ಚಿನ್ನವನ್ನು ತಿಕ್ಕಿದರೆ ಹಳದಿ ಗೆರೆ ಮೂಡುತ್ತದೆ. ಆ ಗೆರೆಯ ಬಣ್ಣ ನೋಡಿ ಅಕ್ಕಸಾಲಿ ಅಪ್ಪಟವೋ ಬೆರಕೆಯೋ ಹೇಳುತ್ತಾನೆ. ಇಲ್ಲಿ ಸವೆಯುವುದು ಚಿನ್ನ, ಕಲ್ಲಲ್ಲ. ಕಲ್ಲು ಗಟ್ಟಿ, ಚಿನ್ನ ಮೆದು. ಆದ್ದರಿಂದ ಚಿನ್ನವೇ ಕಲ್ಲಿನ ಮೇಲೆ ತನ್ನ ಗುರುತು ಬಿಟ್ಟು ಹೋಗುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮೊಬೈಲಿನ ವಿಚಾರದಲ್ಲಿ ಇದು ಮುಂದೆ ಕೆಲಸಕ್ಕೆ ಬರುತ್ತದೆ.

ಗಟ್ಟಿ ವಸ್ತು ಮೆದು ವಸ್ತುವನ್ನು ಗೀರುತ್ತದೆ ಎಂಬುದು ಶಿಲ್ಪಿಗಳಿಗೂ ರತ್ನ ಸಾಣೆ ಹಿಡಿಯುವವರಿಗೂ ಅನಾದಿಕಾಲದಿಂದ ಗೊತ್ತಿತ್ತು. ಬೇಲೂರು, ಹಳೇಬೀಡುಗಳ ಕುಸುರಿ ಕೆಲಸ ಸಾಧ್ಯವಾದದ್ದು ಅಲ್ಲಿ ಬಳಸಿದ್ದು ಗಡಸು ಕಣಶಿಲೆಯಲ್ಲ, ಉಳಿಗೆ ಬಗ್ಗುವ ಬಳಪದ ಕಲ್ಲು ಎಂಬ ಕಾರಣದಿಂದ. ರತ್ನಗಳಿಗೆ ಹೊಳಪು ಕೊಡುವವರು ಕುರುಂದದ ಪುಡಿಯನ್ನು ಅರಗಿನಲ್ಲಿ ಬೆರೆಸಿ ಸಾಣೆಚಕ್ರ ಮಾಡಿಕೊಳ್ಳುತ್ತಿದ್ದರು. ಇಂಗ್ಲಿಷಿನ ‘ಕೊರಂಡಮ್’ ಎಂಬ ಪದ ನಮ್ಮ ದಕ್ಷಿಣದ ‘ಕುರುಂದ’ದಿಂದಲೇ ಹೋದದ್ದು. ಇನ್ನು ವಜ್ರವನ್ನು ವಜ್ರದಿಂದಲೇ ಕೊಯ್ಯಬೇಕು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ.

ಈ ಹಳೆಯ ಅರಿವನ್ನು ಒಂದು ಪಟ್ಟಿಯಾಗಿ ಕೂಡಿಸಿದವನು ಫ್ರೀಡ್ರಿಶ್ ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞ. 1773ರಲ್ಲಿ ಹುಟ್ಟಿದ ಈತ ವಿಯೆನ್ನಾದ ಶ್ರೀಮಂತ ಬ್ಯಾಂಕರ್ ಒಬ್ಬನ ಖನಿಜ ಸಂಗ್ರಹವನ್ನು ವರ್ಗೀಕರಿಸುವ ಕೆಲಸಕ್ಕೆ ಸೇರಿದ್ದ. ಸಾವಿರಾರು ಕಲ್ಲುಗಳನ್ನು ಗುರುತು ಹಿಡಿಯಲು ಸುಲಭ ಉಪಾಯ ಬೇಕಲ್ಲ? ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಪ್ರಾಧ್ಯಾಪಕನಾದ ಮೇಲೆ, 1812ರ ಹೊತ್ತಿಗೆ, ಹತ್ತು ಖನಿಜಗಳನ್ನು ಒಂದರ ಮೇಲೊಂದು ಮೆಟ್ಟಿಲಿನಂತೆ ಜೋಡಿಸಿದ. ಮೊದಲನೆಯದು ನಾವು ಮುಖಕ್ಕೆ ಹಚ್ಚುವ ಪೌಡರಿನ ಮೂಲವಸ್ತುವಾದ ಟಾಲ್ಕ್. ಎರಡು ಜಿಪ್ಸಂ. ಮೂರನೆಯದಾದ ಕ್ಯಾಲ್ಸೈಟ್ ಅಮೃತಶಿಲೆಯಲ್ಲಿರುವ ಖನಿಜ. ನಾಲ್ಕು ಫ್ಲೋರೈಟ್, ಐದು ಅಪಟೈಟ್. ನಮ್ಮ ಹಲ್ಲಿನ ಮೇಲಿನ ಬಿಳಿ ಕವಚವೂ ಅಪಟೈಟ್ ಜಾತಿಯದೇ. ಆರು ಫೆಲ್ಡ್‌ಸ್ಪಾರ್, ಏಳು ಬೆಣಚುಕಲ್ಲು, ಎಂಟು ಪುಷ್ಯರಾಗ, ಒಂಬತ್ತು ಕುರುಂದ, ಹತ್ತು ವಜ್ರ. ಮೇಲಿನ ಮೆಟ್ಟಿಲಿನ ಕಲ್ಲು ಕೆಳಗಿನದನ್ನು ಗೀರುತ್ತದೆ, ಕೆಳಗಿನದು ಮೇಲಿನದನ್ನು ಗೀರಲಾರದು. ಅಷ್ಟೇ ನಿಯಮ. ಮೆಟ್ಟಿಲುಗಳೆಲ್ಲ ಸಮನಾಗಿಲ್ಲ ಎಂಬುದು ಬೇರೆ ಮಾತು. ಒಂಬತ್ತಕ್ಕೂ ಹತ್ತಕ್ಕೂ ನಡುವಿನ ಅಂತರ ಉಳಿದೆಲ್ಲ ಅಂತರಗಳಿಗಿಂತ ದೊಡ್ಡದು. ಇನ್ನೂರು ವರ್ಷ ಕಳೆದರೂ ಭೂವಿಜ್ಞಾನದ ವಿದ್ಯಾರ್ಥಿಗಳು ಇದೇ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ.

ಈ ಮೆಟ್ಟಿಲುಗಳ ಮೇಲೆ ನಮ್ಮ ದಿನಬಳಕೆಯ ವಸ್ತುಗಳನ್ನು ಇಟ್ಟು ನೋಡೋಣ. ಬೆರಳಿನ ಉಗುರು ಸುಮಾರು ಎರಡೂವರೆ. ತಾಮ್ರ, ಹಿತ್ತಾಳೆ ಮೂರರ ಆಸುಪಾಸು. ಮಾಮೂಲಿ ಉಕ್ಕಿನ ಚಾಕು ಐದೂವರೆ. ಕಿಟಕಿಯ ಗಾಜೂ ಹೆಚ್ಚುಕಡಿಮೆ ಅಷ್ಟೇ. ಮೊಬೈಲಿನ ಗಾಜು ಆರರಿಂದ ಆರೂವರೆ. ಹಾಗಾದರೆ ಜೇಬಿನಲ್ಲಿ ಫೋನಿನ ಜೊತೆ ಬಿದ್ದಿರುವ ಹಿತ್ತಾಳೆಯ ಬೀಗದ ಕೈ ಗಾಜನ್ನು ಗೀರಲಾರದು. ಚಿಲ್ಲರೆ ನಾಣ್ಯವೂ ಸಾಮಾನ್ಯವಾಗಿ ಗೀರಲಾರದು. ‘ಇಲ್ಲ, ಕೀಲಿಯಿಂದ ಗೆರೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ’ ಎನ್ನುವವರು ಆ ಗೆರೆಯನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ ನೋಡಬಹುದು. ಎಷ್ಟೋ ಸಲ ಅದು ಅಳಿಸಿಹೋಗುತ್ತದೆ. ಏಕೆಂದರೆ ಅದು ಗಾಜಿಗೆ ಬಿದ್ದ ಗಾಯವಲ್ಲ, ಗಾಜಿನ ಮೇಲೆ ಲೋಹ ಬಿಟ್ಟುಹೋದ ಗುರುತು. ಒರೆಗಲ್ಲಿನ ಮೇಲೆ ಚಿನ್ನ ಮಾಡುವುದೂ ಇದನ್ನೇ.

ನಿಜವಾದ ಕಳ್ಳ ಕಣ್ಣಿಗೆ ಬೀಳದಷ್ಟು ಸಣ್ಣವನು. ರಸ್ತೆಯ ಧೂಳಿನಲ್ಲಿ, ಜೇಬಿನ ತಳದಲ್ಲಿ, ಚೀಲದ ಹೊಲಿಗೆಯಲ್ಲಿ ಕೂತಿರುವ ಮರಳಿನ ಕಣವೇ ಆತ. ಮರಳು ಬಹುಪಾಲು ಬೆಣಚು. ಮೋಸ್‌ನ ಪಟ್ಟಿಯಲ್ಲಿ ಅದು ಏಳನೆಯ ಮೆಟ್ಟಿಲು, ಗಾಜಿಗಿಂತ ಒಂದು ಕೈ ಮೇಲೆ. ಸೋಜಿಗವೆಂದರೆ ಗಾಜು ತಯಾರಾಗುವುದೂ ಮರಳಿನಿಂದಲೇ. ಮರಳು ಸುಲಭವಾಗಿ ಕರಗಲೆಂದು ಅದಕ್ಕೆ ಸೋಡಾ, ಸುಣ್ಣ ಬೆರೆಸಿ ಕಾಯಿಸುತ್ತಾರೆ. ಹೀಗೆ ಬೆರೆತು ಕರಗಿ ಗಾಜಾದದ್ದು ಮೂಲ ಮರಳಿಗಿಂತ ಮೆದುವಾಗಿ ಹೊರಬರುತ್ತದೆ. ಕೈಗೆ ಸಿಕ್ಕಿದ ಅಂಗಿಯ ತುದಿಯಿಂದಲೋ ಸೀರೆಯ ಸೆರಗಿನಿಂದಲೋ ಫೋನನ್ನು ಗಸಗಸನೆ ಉಜ್ಜಿ ಒರೆಸುವಾಗ ನಾವು ಮಾಡುವುದು ಬಟ್ಟೆಯ ಅಡಿಯಲ್ಲಿ ಸಿಕ್ಕಿದ ಮರಳಿನಿಂದ ಗಾಜಿಗೆ ಸಾಣೆ ಹಿಡಿಯುವ ಕೆಲಸ. ಬೀಗದ ಕೈ ನಿರಪರಾಧಿ. ಒರೆಸುವ ಕೈಯೇ ತಪ್ಪಿತಸ್ಥ.

ಬಿದ್ದರೆ ಬೀಳಲಿ ಒಂದು ಗೆರೆ, ಅದರಿಂದೇನು ಎಂದು ಕೇಳಬಹುದು. ಇದಕ್ಕೆ ಉತ್ತರ ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲಿದೆ. ಗಾಜು ಕೊಯ್ಯುವವನು ಗರಗಸ ಹಿಡಿಯುವುದಿಲ್ಲ. ವಜ್ರದ ಮೊನೆಯ ಕಡ್ಡಿಯಿಂದ ಅಳತೆಪಟ್ಟಿಯ ಉದ್ದಕ್ಕೆ ಒಂದೇ ಒಂದು ಗೀರು ಎಳೆಯುತ್ತಾನೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ತುಸು ಬಗ್ಗಿಸಿದರೆ ಟಕ್ಕೆಂದು ಆ ಗೆರೆಯ ಗುಂಟ ಗಾಜು ಎರಡು ಹೋಳಾಗುತ್ತದೆ. ಗೀರಿನ ಆಳ ಗಾಜಿನ ದಪ್ಪದ ಒಂದು ಸಣ್ಣ ಅಂಶವಿರಬಹುದು. ಆದರೂ ಇಡೀ ಹಾಳೆಯ ಬಲವೆಲ್ಲ ಆ ಗೆರೆಯಲ್ಲಿ ಸೋತುಹೋಗುತ್ತದೆ.

ಏಕೆ ಹೀಗೆ? ಇದನ್ನು ಲೆಕ್ಕಾಚಾರ ಸಮೇತ ವಿವರಿಸಿದವನು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರದ ಎಂಜಿನಿಯರ್ ಆಲನ್ ಆರ್ನಾಲ್ಡ್ ಗ್ರಿಫಿತ್. ವಿಮಾನದ ಲೋಹದ ಭಾಗಗಳು ಲೆಕ್ಕಕ್ಕಿಂತ ಕಡಿಮೆ ಭಾರಕ್ಕೇ ಮುರಿಯುವುದೇಕೆಂಬ ಚಿಂತೆಯಲ್ಲಿದ್ದ ಆತ, ಪರೀಕ್ಷೆಗೆ ಸುಲಭವೆಂದು ಗಾಜನ್ನು ಆರಿಸಿಕೊಂಡ. ಕಾಯಿಸಿದ ಗಾಜಿನಿಂದ ಕೂದಲಿಗಿಂತ ತೆಳುವಾದ ಎಳೆಗಳನ್ನು ತೆಗೆದು ಎಳೆದು ನೋಡಿದ. ಎಳೆ ತೆಳುವಾದಷ್ಟೂ ಅದರ ಬಲ, ಗಾತ್ರಕ್ಕೆ ಹೋಲಿಸಿದರೆ, ಹೆಚ್ಚುತ್ತ ಹೋಯಿತು! 1921ರಲ್ಲಿ ಪ್ರಕಟವಾದ ಆತನ ಪ್ರಬಂಧದ ತಾತ್ಪರ್ಯ ಇಷ್ಟು: ಗಾಜು ಹುಟ್ಟಿನಿಂದ ದುರ್ಬಲವಲ್ಲ. ಅದರ ಮೈಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳಿರುತ್ತವೆ. ಗಾಜನ್ನು ಎಳೆದಾಗ, ಬಗ್ಗಿಸಿದಾಗ, ಆ ಬಲವೆಲ್ಲ ಹರಡದೆ ಬಿರುಕಿನ ಚೂಪು ತುದಿಯಲ್ಲೇ ಬಂದು ಕೂಡುತ್ತದೆ. ಲೋಹವಾದರೆ ಆ ಜಾಗದಲ್ಲಿ ತುಸು ಜಗ್ಗಿ ಹೊಂದಿಕೊಳ್ಳುತ್ತದೆ. ಗಾಜಿಗೆ ಜಗ್ಗುವುದು ಗೊತ್ತಿಲ್ಲ. ಬಿರುಕು ಒಂದು ಮಿತಿ ದಾಟಿತೆಂದರೆ ತಾನೇ ತಾನಾಗಿ ಓಡುತ್ತದೆ.

ಅಂದರೆ ಗೀರೆಂಬುದು ಮುಂದೆ ಆಗಲಿರುವ ಒಡಕಿನ ಬೀಜ. ಈ ವಾರ ಜೇಬಿನಲ್ಲಿ ಬಿದ್ದ ಗೆರೆ, ಮುಂದಿನ ತಿಂಗಳು ಫೋನು ಕೈಜಾರಿದಾಗ ಫಲ ಕೊಡುತ್ತದೆ. ಹೋದ ಸಲ ಇದಕ್ಕಿಂತ ಎತ್ತರದಿಂದ ಬಿದ್ದರೂ ಏನೂ ಆಗಿರಲಿಲ್ಲ ಎಂದು ಅಚ್ಚರಿಪಡುವವರಿಗೆ ಗ್ರಿಫಿತ್ ನೂರು ವರ್ಷದ ಹಿಂದೆಯೇ ಉತ್ತರ ಬರೆದಿಟ್ಟಿದ್ದಾನೆ.

ಮೊಬೈಲಿಗೂ ಮುಂಚೆ ನಮ್ಮ ಜನ ಗೀರಿನ ಚಿಂತೆ ಮಾಡಿದ್ದು ಕೈಗಡಿಯಾರದ ವಿಚಾರದಲ್ಲಿ. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಸತೊಡಗಿತು. ‘ಜನತಾ’ದಂಥ ಅದರ ಗಡಿಯಾರಗಳ ಮೇಲಿನ ‘ಗಾಜು’ ನಿಜವಾಗಿ ಗಾಜಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಬೇಗ ಗೀರು ಬೀಳುತ್ತಿತ್ತು, ಆದರೆ ಚೂರಾಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹಲ್ಲುಜ್ಜುವ ಪೇಸ್ಟು ಹಚ್ಚಿ ಬಟ್ಟೆಯಿಂದ ತಿಕ್ಕಿದರೆ ಮತ್ತೆ ಫಳಫಳ. ಎಚ್‌ಎಂಟಿಯ ಕೈಗಡಿಯಾರ ಉದ್ಯಮವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು, ಆದರೆ ಪೇಸ್ಟಿನ ಮದ್ದು ಮಾತ್ರ ಜನರ ನೆನಪಿನಲ್ಲಿ ಉಳಿದುಕೊಂಡಿದೆ. ಮೊಬೈಲಿಗೂ ಅದನ್ನೇ ಹಚ್ಚುವವರಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರೋಣ.

ಆ ಹಳೆಯ ಗಡಿಯಾರಗಳ ಮುಖದ ಮೇಲೆ ‘17 ಜುವೆಲ್ಸ್’ ಎಂದು ಬರೆದಿರುತ್ತಿತ್ತು. ಒಳಗಿನ ಸಣ್ಣ ಗಾಲಿಗಳ ಅಚ್ಚು ಸವೆಯದಿರಲೆಂದು ಕೂರಿಸಿದ ಕೃತಕ ಮಾಣಿಕ್ಯಗಳು ಅವು. ಮಾಣಿಕ್ಯ, ನೀಲಮಣಿ ಎರಡೂ ಕುರುಂದವೇ, ಬಣ್ಣ ಮಾತ್ರ ಬೇರೆ. ಇವನ್ನು ಕುಲುಮೆಯಲ್ಲಿ ಬೆಳೆಸುವ ವಿಧಾನವನ್ನು ಫ್ರಾನ್ಸಿನ ಆಗಸ್ಟ್ ವೆರ್ನ್ಯೂಯಿ 1902ರಲ್ಲಿ ಬಹಿರಂಗಪಡಿಸಿದ. ಬಣ್ಣವಿಲ್ಲದ ಕೃತಕ ನೀಲಮಣಿಯನ್ನು ಹಾಳೆಯಂತೆ ಕೊಯ್ದು ದುಬಾರಿ ಗಡಿಯಾರಗಳಿಗೆ ಗಾಜಿನ ಬದಲು ಹಾಕುವ ರೂಢಿಯೂ ಬಂತು. ಒಂಬತ್ತನೆಯ ಮೆಟ್ಟಿಲಿನ ವಸ್ತುವಾದ್ದರಿಂದ ಮರಳು ಅದನ್ನು ಏನೂ ಮಾಡಲಾರದು.

ಮೊಬೈಲು ಬಂದ ಹೊಸತರಲ್ಲಿ ಅದರ ಪರದೆಯೂ ಪ್ಲಾಸ್ಟಿಕ್ಕಿನದೇ. ಬೆರಳು ಮುಟ್ಟುವ ಅಗತ್ಯವಿಲ್ಲದ ಪುಟ್ಟ ಕಿಂಡಿ ಅದು. ಗೀರು ಬಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಡ್ಡಿಯಿಂದ ಒತ್ತಿ ಬರೆಯುವ ಯಂತ್ರಗಳಲ್ಲಿ ಮೇಲ್ಪದರ ಬಾಗಲೇಬೇಕಿತ್ತು, ಆದ್ದರಿಂದ ಅಲ್ಲಿಯೂ ಪ್ಲಾಸ್ಟಿಕ್ಕೇ ಗತಿ. 2005ರಲ್ಲಿ ಆಪಲ್ ಕಂಪೆನಿ ಐಪಾಡ್ ನ್ಯಾನೊ ಎಂಬ ಹಾಡು ಕೇಳುವ ಯಂತ್ರವನ್ನು ಬಿಡುಗಡೆ ಮಾಡಿದಾಗ ಮಾತ್ರ ಗಲಾಟೆಯಾಯಿತು. ಕೆಲವೇ ದಿನದಲ್ಲಿ ಪರದೆ ತರಚಿಹೋಗಿ ಅಕ್ಷರ ಕಾಣುವುದಿಲ್ಲವೆಂದು ಗ್ರಾಹಕರು ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿದರು. ಗೀರಿಗಾಗಿ ಮೊಕದ್ದಮೆ!

ಅದೇ ಕಂಪೆನಿ 2007ರ ಜನವರಿ 9ರಂದು ಐಫೋನನ್ನು ಜಗತ್ತಿಗೆ ತೋರಿಸಿತು. ಇಡೀ ಮುಖವೇ ಪರದೆ, ಬೆರಳೇ ಲೇಖನಿ. ತೋರಿಸಿದ ಮಾದರಿಯ ಮೇಲಿದ್ದದ್ದು ಆಗಲೂ ಪ್ಲಾಸ್ಟಿಕ್. ಜೇಬಿನಲ್ಲಿಟ್ಟುಕೊಂಡು ತಿರುಗಾಡಿದ ಕಂಪೆನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್‌ಗೆ ಪರದೆಯ ಮೇಲೆ ಗೀರುಗಳು ಕಂಡವು. ಗಾಜೇ ಬೇಕೆಂದು ಪಟ್ಟು ಹಿಡಿದ. ಇದು ನಡೆದದ್ದು ಪ್ರದರ್ಶನದ ಮರುದಿನವೋ ಮಾರಾಟಕ್ಕೆ ಕೆಲವೇ ವಾರ ಮುಂಚೆಯೋ ಎಂಬಲ್ಲಿ ಹತ್ತಿರದಿಂದ ಕಂಡವರ ವೃತ್ತಾಂತಗಳು ಒಂದೇ ರೀತಿ ಇಲ್ಲ. ಜೂನ್ 29ರಂದು ಮಾರಾಟ ಶುರುವಾದಾಗ ಫೋನಿನ ಮೇಲೆ ಗಾಜಿತ್ತು ಎಂಬುದಂತೂ ದಿಟ.

ಆ ಗಾಜು ಎಲ್ಲಿಂದ ಬಂತು? ಇಲ್ಲಿ ಕಥೆ ಮೂರೂವರೆ ಶತಮಾನ ಹಿಂದಕ್ಕೆ ಹೋಗಬೇಕು.

1660ರ ದಶಕದಲ್ಲಿ ರಾಜಕುಮಾರ ರೂಪರ್ಟ್ ಎಂಬಾತ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯ ಆಸ್ಥಾನಕ್ಕೆ ಒಂದು ಆಟಿಕೆ ತಂದ. ಕಾದು ಕರಗಿದ ಗಾಜನ್ನು ತಣ್ಣೀರಿಗೆ ತೊಟ್ಟಿಕ್ಕಿಸಿ ಮಾಡಿದ, ಗೊದಮೊಟ್ಟೆಯ ಆಕಾರದ ಗಾಜಿನ ಹನಿ ಅದು. ತಲೆಯ ಭಾಗವನ್ನು ಸುತ್ತಿಗೆಯಿಂದ ಬಡಿದರೂ ಜಗ್ಗದು. ಬಾಲದ ತುದಿಯನ್ನು ಬೆರಳಿನಿಂದ ಮುರಿದರೆ ಸಾಕು, ಇಡೀ ಹನಿ ಸಿಡಿದು ಹಿಟ್ಟಾಗುತ್ತದೆ. ದೊರೆ ಈ ವಿಚಿತ್ರವನ್ನು ರಾಯಲ್ ಸೊಸೈಟಿಯ ಪಂಡಿತರಿಗೆ ಒಪ್ಪಿಸಿದ. ರಾಬರ್ಟ್ ಹುಕ್ 1665ರ ತನ್ನ ‘ಮೈಕ್ರೊಗ್ರಾಫಿಯಾ’ ಗ್ರಂಥದಲ್ಲಿ ಇದರ ಚರ್ಚೆ ಮಾಡಿದ್ದಾನೆ. ಗುಟ್ಟು ಇಷ್ಟೇ: ನೀರಿಗೆ ಬಿದ್ದೊಡನೆ ಹೊರಮೈ ಗಟ್ಟಿಯಾಗುತ್ತದೆ. ಒಳಗಿನ ಬಿಸಿ ಗಾಜು ನಿಧಾನವಾಗಿ ಆರುತ್ತ ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಎಳೆದು ಬಿಗಿಯುತ್ತದೆ. ಹೀಗೆ ಬಿಗಿದ ಹೊರಮೈಯಲ್ಲಿ ಬಿರುಕು ಬಾಯಿ ತೆರೆಯಲು ಜಾಗವಿಲ್ಲ. ಆದರೆ ಬಾಲ ಮುರಿದು ಬಿರುಕು ಒಳಗಿನ ಸೆಳೆತದ ವಲಯ ಮುಟ್ಟಿತೋ, ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ಅದು ತಲೆಯವರೆಗೆ ಓಡುತ್ತದೆ. ಈ ವೇಗವನ್ನು ಹಿಡಿದದ್ದು 1990ರ ದಶಕದಲ್ಲಿ, ಅತಿವೇಗದ ಕ್ಯಾಮೆರಾದಿಂದ.

ಗ್ರಿಫಿತ್ ಹೇಳಿದ ರೋಗಕ್ಕೆ ರೂಪರ್ಟನ ಹನಿಯೇ ಔಷಧ. ಮೈಮೇಲೆ ಬಿರುಕು ಇರುವುದು ತಪ್ಪದು ಎಂದಾದರೆ, ಅದು ತೆರೆದುಕೊಳ್ಳದಂತೆ ಮೈಯನ್ನು ಬಿಗಿದಿಡಬೇಕು. ಕಾರು, ಬಸ್ಸುಗಳ ಪಕ್ಕದ ಗಾಜನ್ನು ಕಾಯಿಸಿ ಗಾಳಿ ಬೀಸಿ ತಟ್ಟನೆ ಆರಿಸುವುದು ಇದೇ ತತ್ತ್ವದಂತೆ. ಆದರೆ ಈ ಉಪಾಯಕ್ಕೆ ಗಾಜು ಸಾಕಷ್ಟು ದಪ್ಪವಿರಬೇಕು. ಒಂದು ಮಿಲಿಮೀಟರಿಗೂ ತೆಳುವಾದ ಹಾಳೆಯಲ್ಲಿ ಒಳಗೂ ಹೊರಗೂ ಒಟ್ಟಿಗೇ ಆರಿಬಿಡುತ್ತದೆ, ಬಿಗಿತ ಹುಟ್ಟುವುದಿಲ್ಲ.

ತೆಳು ಗಾಜಿಗೆ ದಾರಿ ತೋರಿದ್ದು ರಸಾಯನಶಾಸ್ತ್ರ. ಗಾಜಿನಲ್ಲಿ ಸೋಡಿಯಂ ಅಯಾನುಗಳಿರುತ್ತವೆ. ಆ ಗಾಜನ್ನು ಕರಗಿದ ಪೊಟ್ಯಾಸಿಯಂ ಲವಣದಲ್ಲಿ, ಸುಮಾರು 400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಗಂಟೆಗಟ್ಟಲೆ ಮುಳುಗಿಸಿಟ್ಟರೆ ಮೈಮೇಲಿನ ಸೋಡಿಯಂ ಹೊರಬಂದು ಅದರ ಜಾಗಕ್ಕೆ ಪೊಟ್ಯಾಸಿಯಂ ಹೊಗುತ್ತದೆ. ಪೊಟ್ಯಾಸಿಯಂ ಅಯಾನು ಸೋಡಿಯಮ್ಮಿಗಿಂತ ಮೂರನೆಯ ಒಂದರಷ್ಟು ದೊಡ್ಡದು. ಮೂವರು ಕೂರುವ ಬಸ್ಸಿನ ಸೀಟಿನಲ್ಲಿ ನಾಲ್ವರು ತುರುಕಿಕೊಂಡು ಕೂತಂತೆ. ಯಾರೂ ಅಲುಗಾಡುವ ಹಾಗಿಲ್ಲ. ಹೀಗೆ ಗಾಜಿನ ಮೈ ಎರಡೂ ಕಡೆಯಿಂದ ಬಿಗಿಯುತ್ತದೆ. ಈ ತತ್ತ್ವವನ್ನು ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಲರ್ 1962ರ ಪ್ರಬಂಧದಲ್ಲಿ ವಿವರಿಸಿದ. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಂಪೆನಿ ‘ಕೆಮ್‌ಕೋರ್’ ಎಂಬ ಹೊಸ ಗಾಜನ್ನು ಪ್ರಕಟಿಸಿತು.

ಕಾರ್ನಿಂಗ್ ಸಾಮಾನ್ಯ ಕಂಪೆನಿಯಲ್ಲ. ಎಡಿಸನ್ನನ ವಿದ್ಯುದ್ದೀಪಕ್ಕೆ ಬುರುಡೆ ಊದಿಕೊಟ್ಟದ್ದು, ಅಡುಗೆಮನೆಗೆ ಪೈರೆಕ್ಸ್ ಪಾತ್ರೆ ತಂದದ್ದು ಇದೇ. ಕೆಮ್‌ಕೋರ್ ಗಾಜಿನ ಬಲ ಪರೀಕ್ಷಿಸಲು ಅದರ ಲೋಟಗಳನ್ನು ಒಂಬತ್ತು ಅಂತಸ್ತಿನ ಕಟ್ಟಡದ ಮೇಲಿನಿಂದ ಕೆಳಕ್ಕೆ ಎಸೆದರು. ಹಾಳೆಗಳಿಗೆ ಮಂಜುಗಟ್ಟಿಸಿದ ಕೋಳಿಗಳನ್ನು ಗುರಿಯಿಟ್ಟು ಹೊಡೆದರು. ಸಾಮಾನ್ಯ ಗಾಜು ಚದರ ಅಂಗುಲಕ್ಕೆ 7,000 ಪೌಂಡ್ ಒತ್ತಡ ತಾಳಿದರೆ ಇದು ಒಂದು ಲಕ್ಷ ಪೌಂಡ್ ತಾಳುತ್ತದೆ ಎಂಬ ಲೆಕ್ಕ ಬಂತು. ಎಲ್ಲ ಸರಿ, ಕೊಳ್ಳುವವರು ಯಾರು? ಟೆಲಿಫೋನ್ ಬೂತು, ಸೆರೆಮನೆಯ ಕಿಟಕಿ, ಕನ್ನಡಕ ಎಂದು ಯೋಚಿಸಿದರು. ಕಾರಿನ ಮುಂದಿನ ಗಾಜಿಗೆ ಪ್ರಯತ್ನಿಸಿದರು. ಬೆಲೆ ಹೆಚ್ಚು. ಸಾಲದ್ದಕ್ಕೆ, ಅಪಘಾತದ ಪರೀಕ್ಷೆಗಳಲ್ಲಿ ಗಾಜು ಒಡೆಯದಿದ್ದರೆ ತಲೆ ಒಡೆಯುತ್ತದೆ ಎಂಬ ಸತ್ಯ ಹೊರಬಿತ್ತು. 1971ರಲ್ಲಿ ಕಂಪೆನಿ ಯೋಜನೆಯನ್ನೇ ಕೈಬಿಟ್ಟಿತು. ಗಿರಾಕಿಯಿಲ್ಲದ ಒಳ್ಳೆಯ ಸರಕು ಮೂರು ದಶಕಕ್ಕೂ ಹೆಚ್ಚು ಕಾಲ ಕಡತದಲ್ಲಿ ಮಲಗಿತು.

ಜಾಬ್ಸ್ ಗಾಜಿಗಾಗಿ ಅಲೆಯುತ್ತ ಕಾರ್ನಿಂಗ್‌ನ ಮುಖ್ಯಸ್ಥ ವೆಂಡೆಲ್ ವೀಕ್ಸ್ ಅವರನ್ನು ಕಂಡಾಗ ಈ ಹಳೆಯ ಕಡತ ಮತ್ತೆ ತೆರೆಯಿತು. ವಾಲ್ಟರ್ ಐಸಾಕ್‌ಸನ್ 2011ರಲ್ಲಿ ಬರೆದ ಜಾಬ್ಸ್ ಜೀವನಚರಿತ್ರೆಯ ಪ್ರಕಾರ, ಆ ಗಾಜನ್ನು ಆಗ ಕಂಪೆನಿಯ ಯಾವ ಕಾರ್ಖಾನೆಯೂ ತಯಾರಿಸುತ್ತಿರಲಿಲ್ಲ ಎಂದು ವೀಕ್ಸ್ ಹೇಳಿದರೂ ಜಾಬ್ಸ್ ಕೇಳಲಿಲ್ಲ. ಕೆಂಟಕಿ ರಾಜ್ಯದ ಹ್ಯಾರಡ್ಸ್‌ಬರ್ಗ್‌ನಲ್ಲಿ ಬೇರೆ ಬಗೆಯ ಪರದೆಗೆ ಗಾಜು ಮಾಡುತ್ತಿದ್ದ ಘಟಕವನ್ನೇ ಇದಕ್ಕೆ ತಿರುಗಿಸಲಾಯಿತು. ಹೆಸರು ಗೊರಿಲ್ಲಾ ಗ್ಲಾಸ್ ಎಂದಾಯಿತು.

ಈ ಪ್ರಸಂಗವನ್ನು ಹಟವಾದಿ ಮೇಧಾವಿಯ ವಿಜಯಗಾಥೆಯೆಂದು ಹೇಳುವುದು ರೂಢಿ. ಅದರ ಇನ್ನೊಂದು ಮುಖ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ 2012ರ ಜನವರಿ ತಿಂಗಳ ವರದಿಯಲ್ಲಿದೆ. ಕಡೆಗಳಿಗೆಯಲ್ಲಿ ಬದಲಾದ ಗಾಜು ಚೀನಾದ ಜೋಡಣಾ ಕಾರ್ಖಾನೆಗೆ ತಲುಪಿದ್ದು ನಡುರಾತ್ರಿ. ಆಪಲ್‌ನ ಮಾಜಿ ಅಧಿಕಾರಿಯೊಬ್ಬರು ಆ ಪತ್ರಿಕೆಗೆ ತಿಳಿಸಿದಂತೆ, ವಸತಿಗೃಹದಲ್ಲಿ ಮಲಗಿದ್ದ 8,000 ಕೆಲಸಗಾರರನ್ನು ಎಬ್ಬಿಸಿ, ಒಂದು ಬಿಸ್ಕತ್ತು, ಒಂದು ಲೋಟ ಚಹಾ ಕೊಟ್ಟು, ಅರ್ಧ ಗಂಟೆಯೊಳಗೆ 12 ಗಂಟೆಯ ಪಾಳಿಗೆ ನಿಲ್ಲಿಸಲಾಯಿತು. 96 ಗಂಟೆಗಳಲ್ಲಿ ದಿನಕ್ಕೆ 10,000ಕ್ಕೂ ಹೆಚ್ಚು ಫೋನುಗಳು ಹೊರಬರುತ್ತಿದ್ದವು. ಒಬ್ಬನ ಜೇಬಿನಲ್ಲಿ ಬಿದ್ದ ಗೀರು ಎಂಟು ಸಾವಿರ ಮಂದಿಯ ನಿದ್ದೆ ಕೆಡಿಸಿತು ಎಂದರೆ ಅತಿಶಯೋಕ್ತಿಯಲ್ಲ. ನಮ್ಮ ನರಸಾಪುರದಲ್ಲಿ ಐಫೋನ್ ಜೋಡಿಸಲೆಂದು ತೈವಾನಿನ ವಿಸ್ಟ್ರಾನ್ ಕಂಪೆನಿ ತೆರೆದ ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಸಂಬಳದ ಬಾಕಿಗಾಗಿ ಕಾರ್ಮಿಕರು ದಾಂಧಲೆ ಎಬ್ಬಿಸಿದ್ದು ಓದುಗರಿಗೆ ನೆನಪಿರಬಹುದು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿರಲಿಲ್ಲವೆಂದು ಕಂಪೆನಿಯೇ ಒಪ್ಪಿ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು.

ಹೊಸ ಗಾಜು ಬಂದರೂ ಗೀರು ನಿಲ್ಲಲಿಲ್ಲ. ಅಯಾನುಗಳ ಅದಲುಬದಲು ಗಾಜಿಗೆ ಬಲ ಕೊಡುತ್ತದೆ, ಬಿದ್ದ ಗೀರು ಬಿರುಕಾಗಿ ಹರಡದಂತೆ ಹಿಡಿಯುತ್ತದೆ. ಆದರೆ ಗಾಜನ್ನು ಬೆಣಚಿಗಿಂತ ಗಡಸಾಗಿಸುವುದು ಅದರಿಂದ ಆಗದ ಕೆಲಸ. ಬಿಗಿದ ಪದರದ ದಪ್ಪವೂ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ಅದನ್ನು ದಾಟಿ ಒಳಗೆ ಇಳಿದ ಗೀರಿಗೆ ರೂಪರ್ಟನ ಹನಿಯ ಬಾಲ ಮುರಿದಾಗಿನ ಗತಿಯೇ.

ಹಾಗಾದರೆ ನೀಲಮಣಿಯನ್ನೇ ಏಕೆ ಬಳಸಬಾರದು? ಆ ಆಸೆಯೂ ಹುಟ್ಟಿತ್ತು. 2013ರ ನವೆಂಬರ್‌ನಲ್ಲಿ ಆಪಲ್, ಜಿಟಿ ಅಡ್ವಾನ್ಸ್ಡ್ ಟೆಕ್ನಾಲಜೀಸ್ ಎಂಬ ಕಂಪೆನಿಗೆ 57.8 ಕೋಟಿ ಡಾಲರ್ ಮುಂಗಡ ಕೊಡುವ ಒಪ್ಪಂದ ಮಾಡಿಕೊಂಡಿತು. ಅರಿಜೋನಾದ ಮೆಸಾ ಪಟ್ಟಣದಲ್ಲಿ ಕೃತಕ ನೀಲಮಣಿ ಬೆಳೆಸುವ ಭಾರಿ ಕಾರ್ಖಾನೆ ಎದ್ದಿತು. ಆದರೆ ಒಪ್ಪುವ ಗುಣಮಟ್ಟದ ನೀಲಮಣಿ ಬೇಕಾದ ಪ್ರಮಾಣದಲ್ಲಿ ಬರಲೇ ಇಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಹೊಸ ಐಫೋನ್ ಮಾಮೂಲಿ ಬಗೆಯ ಗಾಜಿನೊಂದಿಗೇ ಬಂತು. ಅಕ್ಟೋಬರ್ 6ರಂದು ಜಿಟಿ ಕಂಪೆನಿ ದಿವಾಳಿ ಅರ್ಜಿ ಹಾಕಿತು. ನೀಲಮಣಿ ಕ್ಯಾಮೆರಾದ ಕಿಂಡಿಗೆ, ಕೆಲವು ಕೈಗಡಿಯಾರಗಳಿಗೆ ಸೀಮಿತವಾಯಿತು. ಮೇಲಾಗಿ ಅದು ಗಡಸಾದರೂ ಪೆಡಸು, ಬಗ್ಗಿಸಿದರೆ ಮುರಿಯುವ ಸ್ವಭಾವ. ಬೆಳಕನ್ನೂ ಗಾಜಿಗಿಂತ ಹೆಚ್ಚು ಪ್ರತಿಫಲಿಸುವುದರಿಂದ ಬಿಸಿಲಿನಲ್ಲಿ ಪರದೆ ಮಂಕಾಗುತ್ತದೆ.

ಗೀರು ತಾಳುವುದು ಬೇರೆ, ಬೀಳುವಿಕೆ ತಾಳುವುದು ಬೇರೆ ಎಂಬುದು ಗಾಜಿನ ಎಂಜಿನಿಯರುಗಳ ದೊಡ್ಡ ತಲೆನೋವು. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಕಾರ್ನಿಂಗ್ ತನ್ನ ಗಾಜನ್ನು ಒರಟು ಮರಳುಕಾಗದದ ಮೇಲೆ ಬೀಳಿಸಿ ಪರೀಕ್ಷಿಸುತ್ತದೆ, ನಿಜಜೀವನದ ಡಾಂಬರು ರಸ್ತೆಗೆ ಅದೇ ಹತ್ತಿರವೆಂದು. 2020ರ ಐಫೋನ್‌ನಲ್ಲಿ ಗಾಜಿನೊಳಗೇ ಅತಿಸೂಕ್ಷ್ಮ ಸೆರಾಮಿಕ್ ಹರಳುಗಳನ್ನು ಬೆಳೆಸಿದ ಪರದೆ ಬಂತು. ಇದರ ಮೂಲಪುರುಷ ಕಾರ್ನಿಂಗ್‌ನ ಡೊನಾಲ್ಡ್ ಸ್ಟೂಕಿ. 1950ರ ದಶಕದ ಆರಂಭದಲ್ಲಿ ಈತನ ಕುಲುಮೆ ಕೆಟ್ಟು, ಗಾಜು ಬೇಕಾದದ್ದಕ್ಕಿಂತ ನೂರಾರು ಡಿಗ್ರಿ ಹೆಚ್ಚು ಕಾದುಬಿಟ್ಟಿತು. ಬಿಳಿಚಿಕೊಂಡ ಹಾಳೆಯನ್ನು ಹೊರತೆಗೆಯುವಾಗ ಕೈಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ! ಗಾಜು-ಸೆರಾಮಿಕ್ ಎಂಬ ವಸ್ತು ಹುಟ್ಟಿದ್ದು ಹಾಗೆ. ಅದು ಅಡುಗೆಯ ಪಾತ್ರೆಯೂ ಆಯಿತು.

ಇನ್ನು ಅಂಗಡಿಯ ಹುಡುಗ ಅಂಟಿಸುವ ಹಾಳೆಯ ಮಾತು. ಮೊದಮೊದಲು ಬಂದದ್ದು ತೆಳು ಪ್ಲಾಸ್ಟಿಕ್ ಹಾಳೆಗಳು. ಆ ಬಗೆಯ ಕೆಲವು ಹಾಳೆಗಳ ಮೂಲ, ಹೆಲಿಕಾಪ್ಟರಿನ ರೆಕ್ಕೆಯಂಚು ಮರಳಿಗೆ ಸವೆಯದಿರಲೆಂದು ಅಂಟಿಸುತ್ತಿದ್ದ ಹಾಳೆ. ಅಲ್ಲಿಯೂ ಶತ್ರು ಮರಳೇ! ಈಗಿನ ಗಾಜಿನ ಹಾಳೆಗಳ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘9ಎಚ್’ ಎಂದಿರುತ್ತದೆ. ಮೋಸ್‌ನ ಪಟ್ಟಿಯ ಒಂಬತ್ತು, ಅಂದರೆ ನೀಲಮಣಿಯಷ್ಟು ಗಟ್ಟಿ ಎಂದು ಗಿರಾಕಿ ತಿಳಿಯುತ್ತಾನೆ. ಅಂಗಡಿಯವರೂ ಹಾಗೆಯೇ ಹೇಳುತ್ತಾರೆ. ಇದು ಶುದ್ಧ ತಪ್ಪು. ಈ ‘ಎಚ್’ ಪೆನ್ಸಿಲಿನದು. ಶಾಲೆಯಲ್ಲಿ ನಾವು ಬಳಸಿದ ಎಚ್‌ಬಿ, 2ಎಚ್ ಪೆನ್ಸಿಲುಗಳ ಸಾಲಿನಲ್ಲಿ 9ಎಚ್ ಅತಿ ಗಡಸು. ಬಣ್ಣ, ವಾರ್ನಿಷುಗಳ ಗಡಸುತನ ಅಳೆಯಲು ಕಾರ್ಖಾನೆಗಳಲ್ಲಿ ಪೆನ್ಸಿಲಿನಿಂದ ಗೀಚಿ ನೋಡುವ ಪರೀಕ್ಷೆಯಿದೆ. 9ಎಚ್ ಎಂದರೆ ಆ ಪೆನ್ಸಿಲಿನಿಂದ ಗೀರು ಬೀಳಲಿಲ್ಲ ಎಂದಷ್ಟೇ ಅರ್ಥ. ಮನೆಯ ಕಿಟಕಿಯ ಗಾಜೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಹಾಗೆಂದು ಆ ಹಾಳೆ ದಂಡವಲ್ಲ. ಅದು ಗೀರು ಬೀಳದ ವಸ್ತುವಲ್ಲ, ಗೀರು ಬೀಳಲೆಂದೇ ಇಟ್ಟ ವಸ್ತು. ಧೂಳಿನ ಗೀರುಗಳನ್ನು ತಾನು ತಿಂದು ಒಳಗಿನ ಗಾಜಿನ ಬಿಗಿದ ಪದರವನ್ನು ಹಾಗೇ ಉಳಿಸುತ್ತದೆ. ಅಷ್ಟಕ್ಕೆ ನೂರು ರೂಪಾಯಿಯ ಹಾಳೆಯೂ ಸಾಕು, ‘9ಎಚ್’ ಹೆಸರಿನಲ್ಲಿ ಸಾವಿರ ರೂಪಾಯಿ ಸುರಿಯಬೇಕಿಲ್ಲ. ಮೂಲೆಯ ಮೇಲೆ ಬಿದ್ದರೆ ಕಾಪಾಡಬೇಕಾದದ್ದು ಹಾಳೆಯಲ್ಲ, ಅಂಚು ತುಸು ಎತ್ತರವಿರುವ ಕವಚ. ಫೋನು ಇಡುವ ಜೇಬನ್ನು ಆಗಾಗ ಒಳಮಗ್ಗುಲು ಹೊರಗೆ ಮಾಡಿ ಕೊಡವಬೇಕು. ಒರೆಸುವ ಮುನ್ನ ಉಫ್ ಎಂದು ಧೂಳು ಊದಬೇಕು, ಆಮೇಲೆ ತುಸು ಒದ್ದೆ ಮಾಡಿದ ಮೆತ್ತನೆಯ ಬಟ್ಟೆ.

ಪೇಸ್ಟಿನ ವಿಷಯ ಉಳಿಯಿತು. ಅಕ್ರಿಲಿಕ್ ಮೆದು, ಪೇಸ್ಟಿನಲ್ಲಿರುವ ನುಣುಪು ಪುಡಿ ಅದರ ಮೇಲ್ಮೈಯನ್ನು ಸವೆಸಿ ಸಮ ಮಾಡುತ್ತಿತ್ತು. ಮೊಬೈಲಿನ ಗಾಜಿನ ಮೇಲೆ ಆ ಪುಡಿಯ ಆಟ ನಡೆಯದು. ಬದಲಿಗೆ, ಬೆರಳಿನ ಜಿಡ್ಡು ಅಂಟದಿರಲೆಂದು ಗಾಜಿಗೆ ಲೇಪಿಸಿರುವ ಅತಿ ತೆಳು ಪದರವನ್ನು ಅದು ಕೆರೆದು ತೆಗೆಯುತ್ತದೆ. ಗೀರು ಅಲ್ಲೇ ಇರುತ್ತದೆ, ಅದರ ಸುತ್ತ ಹೋಗದ ಜಿಡ್ಡಿನ ಮಚ್ಚೆಯೊಂದು ಹೊಸದಾಗಿ ಸೇರಿಕೊಳ್ಳುತ್ತದೆ.